ತಾಯಿಯ ಮೊದಲ ಹಾಲು: ಚರಿತ್ರೆ ಕಲಿಸುವ ಪಾಠ

ಊರಲ್ಲಿ ಯಾರ ಮನೆಯ ಹಸು ಕರು ಹಾಕಿದರೂ ನೆರೆಹೊರೆಯವರಿಗೆಲ್ಲ ಸಂತೋಷ. ಮರುದಿನ ಒಂದು ಚೊಂಬಿನಲ್ಲಿ ಗಿಣ್ಣುಹಾಲು ಮನೆಗೆ ಬರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನು ಮಕ್ಕಳು ಮುಗಿಬಿದ್ದು ತಿನ್ನುತ್ತಾರೆ. ಹಸುವಿನ ಮೊದಲ ಹಾಲಿಗೆ ಇಷ್ಟು ಮರ್ಯಾದೆ ಕೊಡುವ ನಾವು, ಹೆತ್ತ ತಾಯಿಯ ಮೊದಲ ಹಾಲನ್ನು ಮಾತ್ರ ಬಹಳ ಕಾಲ ಬಟ್ಟೆಗೆ ಹಿಂಡಿ ಚೆಲ್ಲುತ್ತಾ ಬಂದೆವು. ಹಳದಿ ಬಣ್ಣದ ಆ ಗಟ್ಟಿ ಹಾಲು ಕೆಟ್ಟದ್ದು, ಅದು ಮಗುವಿಗೆ ಜೀರ್ಣವಾಗುವುದಿಲ್ಲ ಎಂಬ ನಂಬಿಕೆ ಜಾತಿ ಧರ್ಮಗಳ ಭೇದವಿಲ್ಲದೆ ಅನೇಕ ಮನೆಗಳಲ್ಲಿತ್ತು. ಇಂದಿಗೂ ಅದು ಪೂರ್ತಿಯಾಗಿ ಹೋಗಿಲ್ಲ.

ನನ್ನ ಅಕ್ಕನ ಮೊದಲ ಹೆರಿಗೆಯ ಸಮಯದಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಮೂರು ದಿನ ಮಗುವಿಗೆ ಜೇನು ನೆಕ್ಕಿಸಿದರು, ಹತ್ತಿಯಲ್ಲಿ ಅದ್ದಿ ಸಕ್ಕರೆ ನೀರು ಹಾಕಿದರು. ಮಗು ಅಳುತ್ತಿತ್ತು, ಅಕ್ಕನೂ ಅಳುತ್ತಿದ್ದಳು. ಹಾಲು ಕೊಡಬಾರದೆಂದು ಎಲ್ಲಿ ಹೇಳಿದೆ ನಾನಿಮಾ ಎಂದು ನಾನು ಕೇಳಿದೆ. "ಬುಜುರ್ಗರು ಹೇಳಿದ್ದು, ದೀನ್‌ನಲ್ಲೇ ಇರಬೇಕು" ಎಂದರು ನಾನಿಮಾ. ಅವರ ಮಾತಿನಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಆ ಮಾತು ನಿಜವೇ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅಂದು ಉಳಿದ ಆ ಪ್ರಶ್ನೆಗೆ ಚರಿತ್ರೆಯಲ್ಲಿ ಸಿಕ್ಕಿದ ಉತ್ತರವನ್ನು ಈ ಲೇಖನದಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಹಲೀಮಾರ ಮಡಿಲು

ಇಸ್ಲಾಮಿನ ಚರಿತ್ರೆಯನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ಪುಟಗಳಲ್ಲೇ ಒಬ್ಬ ಹಾಲುತಾಯಿಯನ್ನು ಭೇಟಿಯಾಗುತ್ತಾನೆ. ಪ್ರವಾದಿ ಮುಹಮ್ಮದ್(ಸ)ರವರು ಜನಿಸಿದ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 570ರಲ್ಲಿ, ಮಕ್ಕಾದ ಕುರೈಶ್ ಮನೆತನಗಳು ಹಸುಗೂಸುಗಳನ್ನು ಮರುಭೂಮಿಯ ಬದೂಯಿನ್ ತಾಯಂದಿರ ಬಳಿ ಬೆಳೆಯಲು ಕಳುಹಿಸುತ್ತಿದ್ದವು. ಪಟ್ಟಣದ ರೋಗಗಳಿಂದ ದೂರ, ಶುದ್ಧ ಗಾಳಿಯಲ್ಲಿ, ಶುದ್ಧ ಅರಬಿ ಭಾಷೆಯ ನಡುವೆ ಮಗು ಬೆಳೆಯಲಿ ಎಂಬುದು ಇದರ ಉದ್ದೇಶ. ಪ್ರವಾದಿವರ್ಯರಿಗೆ(ಸ) ಮೊದಲ ಕೆಲವು ದಿನ ಸುವೈಬಾ ಎಂಬ ಮಹಿಳೆ ಹಾಲುಣಿಸಿದರು. ಆಮೇಲೆ ಬನೂ ಸಅದ್ ಗೋತ್ರದ ಹಲೀಮಾ ಅವರನ್ನು ಕರೆದುಕೊಂಡು ಹೋದರು.

ಇಬ್ನ್ ಇಸ್ಹಾಕ್‌ರ ಸೀರಾ ಗ್ರಂಥದಲ್ಲಿ ಬರುವ ಹಲೀಮಾರ ವೃತ್ತಾಂತವನ್ನು ನಾವು ಪವಾಡದ ಕಥೆಯಾಗಿ ಮಾತ್ರ ಕೇಳಿರುತ್ತೇವೆ. ಅದರಲ್ಲಿ ಇನ್ನೊಂದು ಮುಖ್ಯ ಸಂಗತಿಯೂ ಇದೆ. ಅದು ಬರಗಾಲದ ವರ್ಷ. ಹಲೀಮಾ ಮಕ್ಕಾಕ್ಕೆ ಬಂದಾಗ ಅವರ ಕತ್ತೆ ಬಡಕಲಾಗಿತ್ತು, ಮುದಿ ಒಂಟೆ ಹಾಲು ಕೊಡುತ್ತಿರಲಿಲ್ಲ. ಅವರ ಸ್ವಂತ ಮಗುವೇ ಹಸಿವಿನಿಂದ ರಾತ್ರಿಯಿಡೀ ಅಳುತ್ತಿತ್ತು, ತಾಯಿಯ ಎದೆಯಲ್ಲಿ ಸಾಕಷ್ಟು ಹಾಲಿರಲಿಲ್ಲ. ಹೊಟ್ಟೆಗಿಲ್ಲದ ತಾಯಿ ಎಷ್ಟು ಕಷ್ಟಪಡುತ್ತಾಳೆ ಎಂಬುದನ್ನು ಆ ಹಳೆಯ ಗ್ರಂಥ ಮುಚ್ಚುಮರೆಯಿಲ್ಲದೆ ಹೇಳಿದೆ. ಹಾಲುಣಿಸುವವಳ ಊಟದ ಹೊಣೆ ಯಾರದು ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ.

ಹಾಲಿನ ಋಣವನ್ನು ಪ್ರವಾದಿವರ್ಯರು(ಸ) ಜೀವನಪರ್ಯಂತ ನೆನೆದರು. ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 630ರಲ್ಲಿ, ಹುನೈನ್ ಯುದ್ಧ ನಡೆಯಿತು. ಸೋತ ಹವಾಝಿನ್ ಬುಡಕಟ್ಟಿನ ಸಾವಿರಾರು ಜನ ಸೆರೆಯಾದರು. ಹಲೀಮಾರ ಬನೂ ಸಅದ್ ಗೋತ್ರ ಇದೇ ಬುಡಕಟ್ಟಿಗೆ ಸೇರಿದ್ದು. ಸೆರೆಯಾಳುಗಳಲ್ಲಿದ್ದ ಒಬ್ಬ ಮಹಿಳೆ, ತಾನು ಹಲೀಮಾರ ಮಗಳು ಶೈಮಾ, ಪ್ರವಾದಿಯ ಹಾಲು ಸೋದರಿ ಎಂದು ಗುರುತು ಹೇಳಿಕೊಂಡರು. ಪ್ರವಾದಿವರ್ಯರು(ಸ) ತಮ್ಮ ಮೇಲುಹೊದಿಕೆಯನ್ನು ನೆಲಕ್ಕೆ ಹಾಸಿ ಅವರನ್ನು ಕೂರಿಸಿ ಗೌರವಿಸಿದರು. ಆಮೇಲೆ ಹವಾಝಿನ್ ನಿಯೋಗದವರು ಬಂದು ಇದೇ ಹಾಲಿನ ಸಂಬಂಧವನ್ನು ನೆನಪಿಸಿ ಬಿಡುಗಡೆ ಕೇಳಿದಾಗ ತಮ್ಮ ಪಾಲಿನ ಸೆರೆಯಾಳುಗಳನ್ನು ಬಿಟ್ಟುಕೊಟ್ಟರು. ಅನುಯಾಯಿಗಳೂ ಅದನ್ನೇ ಅನುಸರಿಸಿದರು. ಶೈಶವದಲ್ಲಿ ಕುಡಿದ ಹಾಲು ಸುಮಾರು 60 ವರ್ಷಗಳ ನಂತರ ಒಂದು ಬುಡಕಟ್ಟಿನ ಬಿಡುಗಡೆಗೆ ಕಾರಣವಾಯಿತು.

ಕುರ್‌ಆನ್ ಹಂಚಿಕೊಟ್ಟ ಹೊಣೆ

ಪವಿತ್ರ ಕುರ್‌ಆನ್‌ನ ಎರಡನೇ ಅಧ್ಯಾಯದ 233ನೇ ಸೂಕ್ತ ಹಾಲುಣಿಸುವ ವಿಷಯವನ್ನು ವಿವರವಾಗಿ ಹೇಳುತ್ತದೆ. ನಮ್ಮ ಪ್ರವಚನಗಳಲ್ಲಿ ಇದರ ಮೊದಲ ಭಾಗವಷ್ಟೇ ಹೆಚ್ಚಾಗಿ ಕೇಳಿಬರುತ್ತದೆ: ಹಾಲುಣಿಸುವ ಅವಧಿಯನ್ನು ಪೂರ್ಣಗೊಳಿಸಬಯಸುವವರಿಗೆ ಅದು ಎರಡು ವರ್ಷ. ಮುಂದಿನ ಭಾಗವನ್ನೂ ಗಮನವಿಟ್ಟು ಓದಬೇಕು. ತಾಯಿಯ ಊಟ ಮತ್ತು ಬಟ್ಟೆಯ ಹೊಣೆಯನ್ನು ಅದು ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣದಿಂದ ತಾಯಿಗೂ ತೊಂದರೆಯಾಗಬಾರದು, ತಂದೆಗೂ ತೊಂದರೆಯಾಗಬಾರದು ಎನ್ನುತ್ತದೆ. ತಂದೆ ತೀರಿಕೊಂಡಿದ್ದರೆ ಅದೇ ಹೊಣೆ ವಾರಸುದಾರನ ಮೇಲೆ ಬರುತ್ತದೆ. ಎರಡು ವರ್ಷಕ್ಕೆ ಮೊದಲೇ ಹಾಲು ಬಿಡಿಸಬೇಕೆಂದರೆ ಇಬ್ಬರೂ ಕೂತು ಸಮಾಲೋಚಿಸಿ ಒಪ್ಪಿಕೊಳ್ಳಬೇಕು. ಬೇರೊಬ್ಬ ತಾಯಿಯಿಂದ ಹಾಲುಣಿಸಿದರೂ ದೋಷವಿಲ್ಲ, ಆಕೆಗೆ ಸಲ್ಲಬೇಕಾದ್ದನ್ನು ನ್ಯಾಯವಾಗಿ ಕೊಡಬೇಕು.

ಈ ಸೂಕ್ತದ ಹಿನ್ನೆಲೆಯಲ್ಲಿ ವಿಚ್ಛೇದನದ ವಿಷಯವಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಂಡ ಹೆಂಡತಿ ದೂರವಾದರೂ ಮಗುವಿನ ಹಾಲಿಗೆ ಅಡ್ಡಿಯಾಗಬಾರದು ಎಂಬುದು ಇದರ ಕಾಳಜಿ. 65ನೇ ಅಧ್ಯಾಯದ 6ನೇ ಸೂಕ್ತ ಇನ್ನೂ ಮುಂದೆ ಹೋಗಿ, ವಿಚ್ಛೇದಿತ ತಾಯಿ ಹಾಲುಣಿಸಿದರೆ ಅವಳಿಗೆ ಅದರ ಪ್ರತಿಫಲ ಕೊಡಿ ಎಂದು ಆದೇಶಿಸುತ್ತದೆ. ಏಳನೇ ಶತಮಾನದಲ್ಲಿ ಹಾಲುಣಿಸುವುದನ್ನು ಸಂಭಾವನೆಗೆ ಅರ್ಹವಾದ ದುಡಿಮೆ ಎಂದು ಮಾನ್ಯ ಮಾಡಿದ್ದು ಸಣ್ಣ ಮಾತಲ್ಲ. ಮುಂದೆ ಹನಫಿ ಫಿಕ್‌ಹ್‌ನ ಪ್ರಸಿದ್ಧ ಗ್ರಂಥ ಹಿದಾಯಾದಲ್ಲಿ ಹಾಲುತಾಯಿಯ ವೇತನದ ಬಗ್ಗೆ ಪ್ರತ್ಯೇಕ ಚರ್ಚೆಯೇ ಬಂತು. ಹಾಲುಣಿಸುವ ತಾಯಿಗೆ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ರಮಝಾನಿನ ಉಪವಾಸವನ್ನು ಮುಂದೂಡುವ ರಿಯಾಯಿತಿಯೂ ಇದೆ.

ಈ ಎಲ್ಲ ಸೂಕ್ತಗಳಲ್ಲಿ ಎಲ್ಲಿಯೂ ಮೊದಲ ಮೂರು ದಿನದ ಹಾಲನ್ನು ಚೆಲ್ಲಿರಿ ಎಂಬ ಮಾತಿಲ್ಲ. 28ನೇ ಅಧ್ಯಾಯದಲ್ಲಿ ಬರುವ ಮೂಸಾ(ಅ)ರ ವೃತ್ತಾಂತದಲ್ಲಂತೂ ಮಗುವಿನ ಪ್ರಾಣಕ್ಕೆ ಅಪಾಯವಿದ್ದ ಹೊತ್ತಿನಲ್ಲೂ ತಾಯಿಗೆ ಸಿಕ್ಕಿದ ಮೊದಲ ಸೂಚನೆ ಮಗುವಿಗೆ ಹಾಲುಣಿಸು ಎಂಬುದೇ.

ಹಾಗಾದರೆ ಜೇನು ನೆಕ್ಕಿಸುವ ಪದ್ಧತಿ ಎಲ್ಲಿಂದ ಬಂತು? ಕೆಲವರು ಇದನ್ನು ತಹ್ನೀಕ್‌ಗೆ ಜೋಡಿಸುತ್ತಾರೆ. ಮುಹಾಜಿರ್‌ಗಳಿಗೆ ಮದೀನದಲ್ಲಿ ಹುಟ್ಟಿದ ಮೊದಲ ಮಗು ಅಬ್ದುಲ್ಲಾ ಬಿನ್ ಝುಬೈರ್(ರ). ತಾಯಿ ಅಸ್ಮಾ(ರ) ಮಗುವನ್ನು ಕರೆತಂದಾಗ ಪ್ರವಾದಿವರ್ಯರು(ಸ) ಖರ್ಜೂರವನ್ನು ಅಗಿದು ಮಗುವಿನ ಅಂಗುಳಿಗೆ ಸವರಿ ದುಆ ಮಾಡಿದರೆಂದು ಬುಖಾರಿ ಸಂಗ್ರಹದಲ್ಲಿದೆ. ಅದು ಬೆರಳ ತುದಿಯಷ್ಟನ್ನು ಸವರಿ ಮಾಡುವ ಪ್ರಾರ್ಥನೆ. ಎದೆಹಾಲಿನ ಬದಲಿಗೆ ಮೂರು ದಿನ ಕೊಡುವ ಆಹಾರ ಅದಲ್ಲ. ಈ ಎರಡನ್ನೂ ಬೆರೆಸಿಬಿಟ್ಟದ್ದು ನಮ್ಮ ತಪ್ಪು.

ಮದೀನದ ಒಂದು ರಾತ್ರಿ

ಹಾಲುಣಿಸುವ ಹೊಣೆ ತಂದೆಯ ಮನೆಯನ್ನು ದಾಟಿ ಸರಕಾರದ ತನಕ ಹೋದ ಘಟನೆಯೊಂದು ಖಲೀಫ ಉಮರ್(ರ)ರ ಕಾಲದಲ್ಲಿ ನಡೆಯಿತು. ಅವರು ಕ್ರಿ.ಶ. 634ರಿಂದ 644ರವರೆಗೆ ಖಲೀಫರಾಗಿದ್ದರು. ಸಾರ್ವಜನಿಕ ಖಜಾನೆಯಿಂದ ಜನರಿಗೆ ವಾರ್ಷಿಕ ಭತ್ಯೆ ಕೊಡುವ ವ್ಯವಸ್ಥೆಯನ್ನು ಅವರು ಸ್ಥಾಪಿಸಿದ್ದರು. ಮಕ್ಕಳಿಗೂ ಭತ್ಯೆ ಇತ್ತು. ಆದರೆ ಹಾಲು ಬಿಟ್ಟ ಮಗುವಿಗೆ ಮಾತ್ರ ಎಂಬ ನಿಯಮವಿತ್ತು.

ಇಬ್ನ್ ಸಅದ್‌ರ ತಬಕಾತ್ ಗ್ರಂಥದಲ್ಲಿ ಬರುವ ವರದಿ ಹೀಗಿದೆ. ಒಮ್ಮೆ ವರ್ತಕರ ತಂಡವೊಂದು ಮದೀನದ ಹೊರಗೆ ಬೀಡುಬಿಟ್ಟಿತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ರಾತ್ರಿಯಿಡೀ ಅವರ ಕಾವಲಿಗೆ ನಿಂತರು. ಒಂದು ಮಗು ಅಳುವುದು ಕೇಳಿಸಿತು. ಉಮರ್(ರ) ಹೋಗಿ, ಮಗುವನ್ನು ಸಮಾಧಾನಪಡಿಸು ಎಂದು ತಾಯಿಗೆ ಹೇಳಿ ಬಂದರು. ಅಳು ನಿಲ್ಲಲಿಲ್ಲ. ಮತ್ತೆ ಹೋಗಿ ಹೇಳಿದರು. ರಾತ್ರಿಯ ಕೊನೆಯಲ್ಲಿ ಮೂರನೇ ಸಲ ಹೋದಾಗ, ನೀನೆಂಥ ತಾಯಿ ಎಂದು ಗದರಿದರು. ಮಾತಾಡುತ್ತಿರುವವರು ಖಲೀಫ ಎಂದು ತಿಳಿಯದ ಆ ತಾಯಿ ನಿಜ ಹೇಳಿದಳು: ತಾನು ಮಗುವಿಗೆ ಒತ್ತಾಯದಿಂದ ಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ. ಮಗುವಿಗೆ ಇನ್ನೂ ಕೆಲವೇ ತಿಂಗಳು.

ಅಂದು ಬೆಳಗಿನ ಫಜ್ರ್ ನಮಾಝಿನಲ್ಲಿ ಅಳುವಿನಿಂದಾಗಿ ಉಮರ್(ರ)ರ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ತನ್ನ ನಿಯಮದಿಂದ ಎಷ್ಟು ಮಕ್ಕಳು ಸತ್ತಿರಬಹುದೋ ಎಂದು ಅವರು ಮರುಗಿದರು. ಹಾಲು ಬಿಡಿಸಲು ಅವಸರ ಮಾಡಬೇಡಿ, ಇನ್ನು ಮುಂದೆ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಸಿಗುತ್ತದೆ ಎಂದು ಡಂಗುರ ಹೊಡೆಸಿದರು. ಎಲ್ಲ ಪ್ರಾಂತಗಳಿಗೂ ಆಜ್ಞೆ ಬರೆದು ಕಳುಹಿಸಿದರು.

ಈ ಘಟನೆಯನ್ನು ಉಮರ್(ರ)ರ ವಿನಯಕ್ಕೆ ಉದಾಹರಣೆಯಾಗಿ ನಾವು ಹೇಳುತ್ತೇವೆ. ಅದರೊಳಗೆ ಇನ್ನೂ ಒಂದು ಪಾಠವಿದೆ. ಮಗು ಅತ್ತಾಗ ನಮ್ಮ ಬೆರಳು ಮೊದಲು ತಾಯಿಯ ಕಡೆಗೇ ತಿರುಗುತ್ತದೆ. ಉಮರ್(ರ) ಕೂಡ ಮೊದಲು ಹಾಗೆಯೇ ಗದರಿದರು. ಆದರೆ ತಪ್ಪು ತಾಯಿಯದಾಗಿರಲಿಲ್ಲ, ನಿಯಮದ್ದಾಗಿತ್ತು. ಅದನ್ನು ತಿಳಿದ ಕೂಡಲೇ ಅವರು ನಿಯಮವನ್ನು ಬದಲಿಸಿದರು.

ವೈದ್ಯರು ಎಡವಿದ ಜಾಗ

ಮುಂದಿನ ಶತಮಾನಗಳಲ್ಲಿ ಮುಸ್ಲಿಂ ಜಗತ್ತು ವೈದ್ಯಶಾಸ್ತ್ರದಲ್ಲಿ ಬಹಳ ಎತ್ತರಕ್ಕೆ ಏರಿತು. ಅರ್-ರಾಝಿ (865-925) ಮಕ್ಕಳ ರೋಗಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಈಗಿನ ಟುನೀಷಿಯಾದ ಕೈರವಾನ್ ಪಟ್ಟಣದಲ್ಲಿ ಹತ್ತನೇ ಶತಮಾನದ ವೈದ್ಯ ಇಬ್ನುಲ್ ಜಝ್ಝಾರ್ ಶಿಶುಗಳ ಪಾಲನೆಯ ಕುರಿತು ಗ್ರಂಥ ರಚಿಸಿದರು. ಇಬ್ನ್ ಸೀನಾ (980-1037) ತಮ್ಮ ಅಲ್-ಕಾನೂನ್ ಗ್ರಂಥದಲ್ಲಿ ನವಜಾತ ಶಿಶುವಿಗಾಗಿ ಹಲವು ಪುಟಗಳನ್ನು ಮೀಸಲಿಟ್ಟರು. ತಾಯಿಯ ಹಾಲು ಗರ್ಭದಲ್ಲಿ ಮಗುವಿಗೆ ದೊರೆತ ಆಹಾರಕ್ಕೆ ಅತ್ಯಂತ ಸಮೀಪದ್ದು, ಆದ್ದರಿಂದ ಅದೇ ಅತ್ಯುತ್ತಮ ಎಂದರು. ಹಾಲುಣಿಸುವ ಸಹಜ ಅವಧಿ ಎರಡು ವರ್ಷ ಎಂದರು. ಮಗುವಿನ ಬೆಳವಣಿಗೆಗೆ ಮೆಲ್ಲಗೆ ತೂಗುವುದು ಮತ್ತು ಜೋಗುಳ ಹಾಡುವುದು ಎರಡೂ ಬೇಕು ಎಂದರು.

ಇಷ್ಟು ಬಲ್ಲ ಇಬ್ನ್ ಸೀನಾ ಒಂದು ಕಡೆ ಎಡವಿದರು. ಹೆರಿಗೆಯಾದ ಮೊದಲ ದಿನಗಳಲ್ಲಿ ತಾಯಿಯ ದೇಹಸ್ಥಿತಿ ಸಮತೋಲನಕ್ಕೆ ಬರುವ ತನಕ ಬೇರೆ ಹೆಂಗಸು ಹಾಲುಣಿಸುವುದು ಒಳ್ಳೆಯದು, ಹಾಲುಣಿಸುವ ಮೊದಲು ಜೇನು ನೆಕ್ಕಿಸುವುದು ಒಳ್ಳೆಯದು ಎಂದು ಬರೆದರು. ಇದು ಅವರೊಬ್ಬರದೇ ಕಲ್ಪನೆಯಲ್ಲ. ಅವರಿಗಿಂತ ಸುಮಾರು ಒಂಬತ್ತು ಶತಮಾನ ಮೊದಲು ರೋಮ್‌ನಲ್ಲಿದ್ದ ಗ್ರೀಕ್ ವೈದ್ಯ ಸೊರಾನಸ್, ತಾಯಿಯ ಮೊದಲ ಹಾಲು ಜೀರ್ಣವಾಗದ್ದು ಎಂದು ಹೇಳಿದ್ದ. ನಮ್ಮ ದೇಶದ ಸುಶ್ರುತ ಸಂಹಿತೆಯೂ ಮೊದಲ ದಿನ ಮಗುವಿಗೆ ಜೇನು ಮತ್ತು ತುಪ್ಪ ಕೊಡಲು ಹೇಳುತ್ತದೆ. ಗ್ರೀಕರು, ಅರಬರು, ಭಾರತೀಯರು ಮೂವರೂ ಈ ಒಂದು ವಿಷಯದಲ್ಲಿ ಒಂದೇ ಬಗೆಯ ತಪ್ಪು ಮಾಡಿದರು.

ಯೂನಾನಿ ವೈದ್ಯಪದ್ಧತಿ ಮುಂದೆ ದಿಲ್ಲಿಗೂ ನಮ್ಮ ದಖ್ಖನ್ನಿಗೂ ಬಂತು. ಈ ನೆಲದಲ್ಲಿ ಮೊದಲೇ ಇದ್ದ ಪದ್ಧತಿಯೂ ಅದನ್ನೇ ಹೇಳುತ್ತಿತ್ತು. ವೈದ್ಯನ ಮಾತು ದಾಯಿಗೆ, ದಾಯಿಯ ಮಾತು ಅಜ್ಜಿಗೆ, ಅಜ್ಜಿಯ ಮಾತು ಮೊಮ್ಮಗಳಿಗೆ ಬಂದಾಗ ಅದನ್ನು ಹೇಳಿದವರು ಯಾರು ಎಂಬುದು ಮರೆತುಹೋಯಿತು. ವೈದ್ಯನ ಅಭಿಪ್ರಾಯವಾಗಿದ್ದದ್ದು ಮನೆಯ ರಿವಾಜು ಆಯಿತು, ಕೊನೆಗೆ ದೀನ್‌ನ ಮಾತೆಂದೇ ತೋರತೊಡಗಿತು. ನಾನಿಮಾ ಹೇಳಿದ "ಬುಜುರ್ಗರು" ನಿಜವಾಗಿಯೂ ಇದ್ದರು. ಆದರೆ ಆ ಮಾತು ದೀನ್‌ನದಲ್ಲ, ವೈದ್ಯರದು.

ಹೀಗೆ ಹೇಳುವುದರಿಂದ ಇಬ್ನ್ ಸೀನಾರ ಹಿರಿಮೆ ಕಡಿಮೆಯಾಗುವುದಿಲ್ಲ. ಅವರು ತಮಗಿಂತ ಹಿಂದಿನವರನ್ನು ಓದಿ, ಪ್ರಶ್ನಿಸಿ, ತಿದ್ದಿದವರು. ನಾವು ಅವರನ್ನು ಓದಿ ತಿದ್ದಿಕೊಂಡರೆ ಅದು ಅವರ ದಾರಿಯಲ್ಲೇ ನಡೆದಂತೆ.

ಮೊದಲ ಹಾಲಿಗೆ ಸಿಕ್ಕ ನ್ಯಾಯ

ತಿದ್ದುವ ಕೆಲಸ ನಿಧಾನವಾಗಿ ನಡೆಯಿತು. ಲಂಡನ್ನಿನಲ್ಲಿ ಅನಾಥ ಶಿಶುಗಳಿಗಾಗಿ ಒಂದು ದೊಡ್ಡ ಸಂಸ್ಥೆ ಇತ್ತು. ಅಲ್ಲಿನ ಮಕ್ಕಳ ಪಾಲನೆಗಾಗಿ ವಿಲಿಯಂ ಕ್ಯಾಡೋಗನ್ ಎಂಬ ವೈದ್ಯ 1748ರಲ್ಲಿ ಒಂದು ಪುಸ್ತಿಕೆ ಬರೆದ. ಮೊದಲ ಹಾಲು ವಿಷವಲ್ಲ, ಮಗುವಿನ ಹೊಟ್ಟೆಯಲ್ಲಿ ಹುಟ್ಟುವಾಗಲೇ ಇರುವ ಕಪ್ಪು ಮಲವನ್ನು ಹೊರಹಾಕಲು ಅದೇ ಸಹಜವಾದ ಔಷಧಿ, ಆದ್ದರಿಂದ ಮಗುವನ್ನು ಬೇಗನೆ ತಾಯಿಯ ಎದೆಗೆ ಹಾಕಬೇಕು ಎಂದು ವಾದಿಸಿದ.

1892ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿಷವನ್ನು ತಡೆಯುವ ಶಕ್ತಿ ಬೆಳೆಸಿಕೊಂಡ ತಾಯಿ ಇಲಿಯ ಬಳಿ ಸಾಮಾನ್ಯ ಇಲಿಯ ಮರಿಗಳನ್ನು ಹಾಲು ಕುಡಿಯಲು ಬಿಟ್ಟರು. ಬೇರೆ ತಾಯಿಯ ಹಾಲು ಕುಡಿದ ಆ ಮರಿಗಳಿಗೂ ವಿಷವನ್ನು ತಡೆಯುವ ಶಕ್ತಿ ಬಂತು. ರೋಗನಿರೋಧಕ ಶಕ್ತಿ ಹಾಲಿನ ಮೂಲಕ ಮರಿಗಳಿಗೆ ದಾಟುತ್ತದೆ ಎಂಬುದು ಹೀಗೆ ಪ್ರಯೋಗದಿಂದ ಸಾಬೀತಾಯಿತು. ಹಾಲಿನಿಂದ ಸಂಬಂಧ ಹುಟ್ಟುತ್ತದೆ ಎಂದು ನಂಬಿದ ನಮಗೆ ಈ ಪ್ರಯೋಗ ಬಹಳ ಅರ್ಥಪೂರ್ಣವಾಗಿ ಕಾಣಬೇಕು.

ಇಂದು ನಮಗೆ ತಿಳಿದಿರುವುದು ಇಷ್ಟು. ಮೊದಲ ಎರಡು ಮೂರು ದಿನಗಳ ಹಳದಿ ಹಾಲಿನಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳು ಮತ್ತು ಎ ಜೀವಸತ್ವ ಹೇರಳವಾಗಿವೆ. ಅದು ಮಗುವಿನ ಕರುಳಿನ ಒಳಪದರಕ್ಕೆ ರಕ್ಷಣೆ ಕೊಡುತ್ತದೆ. ಅದರ ಪ್ರಮಾಣ ಕಡಿಮೆ, ಮೊದಲ ದಿನ ಒಂದು ಸಲಕ್ಕೆ ಸುಮಾರು ಒಂದು ಚಹಾ ಚಮಚದಷ್ಟು. ಇದನ್ನು ಕಂಡು "ಹಾಲೇ ಬಂದಿಲ್ಲ" ಎಂದು ಮನೆಯವರು ಗಾಬರಿಯಾಗುತ್ತಾರೆ. ಆದರೆ ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಮಗು ಮತ್ತೆ ಮತ್ತೆ ಚೀಪಿದಷ್ಟೂ ಹಾಲು ಹೆಚ್ಚುತ್ತದೆ.

ಜೇನಿನ ವಿಷಯದಲ್ಲೂ ಹೊಸ ತಿಳಿವಳಿಕೆ ಬಂದಿದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಿಶುಗಳಿಗೆ ಬರುವ ಬಾಟ್ಯುಲಿಸಂ ಎಂಬ ಕಾಯಿಲೆಯನ್ನು ಗುರುತಿಸಲಾಯಿತು. ಕೆಲವೊಮ್ಮೆ ಜೇನಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಕುರ್‌ಆನ್ ಜೇನಿನಲ್ಲಿ ಶಮನವಿದೆ ಎಂದಿರುವುದು ನಮಗೆಲ್ಲ ಗೊತ್ತು. ಆದರೆ ಯಾವ ಔಷಧಿಯೇ ಆದರೂ ಯಾವ ವಯಸ್ಸಿನವರಿಗೆ ಎಂಬುದನ್ನು ನೋಡಲೇಬೇಕು. ಒಂದು ವರ್ಷ ತುಂಬುವ ತನಕ ಮಗುವಿಗೆ ಜೇನು ಬೇಡ ಎನ್ನುವುದು ಇಂದಿನ ವೈದ್ಯರ ಸ್ಪಷ್ಟ ಮಾತು. ತಹ್ನೀಕ್ ಮಾಡುವವರು ಕೈ ಶುಚಿಯಾಗಿಟ್ಟುಕೊಂಡು, ಖರ್ಜೂರದ ಚೂರೂ ಗಂಟಲಿಗೆ ಹೋಗದ ಹಾಗೆ, ವೈದ್ಯರನ್ನು ಕೇಳಿಯೇ ಮಾಡಬೇಕು. ಅದಕ್ಕಾಗಿ ಎದೆಹಾಲು ತಡವಾಗಬಾರದು.

ಡಬ್ಬಿಯ ಹಾಲು ಬಂದ ಮೇಲೆ

ಮೊದಲ ಹಾಲಿಗೆ ವಿಜ್ಞಾನದ ಬೆಂಬಲ ಸಿಗುತ್ತಿದ್ದ ಕಾಲದಲ್ಲೇ ತಾಯಿಯ ಹಾಲಿಗೆ ಹೊಸ ಪ್ರತಿಸ್ಪರ್ಧಿಯೊಂದು ಹುಟ್ಟಿತು. 1867ರಲ್ಲಿ ಹೆನ್ರಿ ನೆಸ್ಲೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ಹಾಲು ಮತ್ತು ಗೋಧಿಹಿಟ್ಟಿನಿಂದ ಮಾಡಿದ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದರು. ತಾಯಿಯ ಹಾಲು ಸಿಗದ ಮಕ್ಕಳಿಗೆ ಇದು ಉಪಕಾರವೇ ಆಯಿತು. ಆದರೆ ಕ್ರಮೇಣ ಇಂಥ ಡಬ್ಬಿಗಳ ಮಾರಾಟ ಹಾಲಿರುವ ತಾಯಂದಿರ ಮನೆಗೂ ತಲುಪಿತು. 1939ರಲ್ಲಿ ಸಿಂಗಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ರೋಟರಿ ಕ್ಲಬ್ಬಿನ ಸಭೆಯಲ್ಲಿ ಇದರ ವಿರುದ್ಧ ಕಟುವಾಗಿ ಮಾತಾಡಿದರು. ಸಕ್ಕರೆ ಬೆರೆಸಿದ ಡಬ್ಬಿ ಹಾಲನ್ನು ಎಳೆಯ ಮಕ್ಕಳಿಗೆ ಯೋಗ್ಯವೆಂದು ಪ್ರಚಾರ ಮಾಡುವುದನ್ನು ಅವರು ಕೊಲೆಗೆ ಸಮಾನವೆಂದರು.

ಬಡ ಮನೆಗಳಲ್ಲಿ ಅಪಾಯವಾದದ್ದು ಹೀಗೆ: ನೀರು ಶುದ್ಧವಿರುವುದಿಲ್ಲ, ಬಾಟಲಿ ಕುದಿಸಲು ಸೌದೆ ಇರುವುದಿಲ್ಲ, ದುಬಾರಿ ಪುಡಿ ಬೇಗ ಮುಗಿಯಬಾರದೆಂದು ತಾಯಿ ನೀರು ಹೆಚ್ಚು ಬೆರೆಸುತ್ತಾಳೆ. ಮಗುವಿಗೆ ಭೇದಿ ಹಿಡಿಯುತ್ತದೆ. ಅಷ್ಟರಲ್ಲಿ ಮಗು ಚೀಪದೆ ತಾಯಿಯ ಹಾಲು ಬತ್ತಿಹೋಗಿರುತ್ತದೆ. 1970ರ ದಶಕದಲ್ಲಿ ಈ ಸಂಗತಿಗಳು ಜಗತ್ತಿನ ಗಮನಕ್ಕೆ ಬಂದವು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಕಂಪನಿಯ ವಸ್ತುಗಳ ಬಹಿಷ್ಕಾರ ಚಳವಳಿ ಶುರುವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಆಹಾರಗಳ ಮಾರಾಟ ಪ್ರಚಾರಕ್ಕೆ ಅಂತಾರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತ, ವಿರುದ್ಧ 1 ಮತ. ಆ ಒಂದು ಮತ ಅಮೆರಿಕದ್ದು.

ಭಾರತ ಈ ವಿಷಯದಲ್ಲಿ ದೃಢವಾದ ಹೆಜ್ಜೆ ಇಟ್ಟಿತು. 1992ರಲ್ಲಿ ಶಿಶು ಹಾಲಿನ ಬದಲಿ ಆಹಾರಗಳ ಕಾಯಿದೆ ಬಂತು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಇಂಥ ಡಬ್ಬಿಗಳ ಜಾಹೀರಾತು ಕೊಡುವಂತಿಲ್ಲ, ಪುಕ್ಕಟೆ ಮಾದರಿ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರ ಹಾಕುವಂತಿಲ್ಲ. ಮದೀನದಲ್ಲಿ ಉಮರ್(ರ) ಮಾಡಿದ್ದು ಇಂಥದೇ ಕೆಲಸ. ತಾಯಿಯ ಹಾಲನ್ನು ಅವಸರದಿಂದ ಬಿಡಿಸುವ ಒತ್ತಡವನ್ನು ಕಾನೂನಿನಿಂದ ತೆಗೆಯುವುದು.

ನಮ್ಮ ಮನೆಗಳಿಗೆ ಪಾಠ

ಇಷ್ಟೆಲ್ಲ ಆದ ಮೇಲೂ ನಾವು ಎಲ್ಲಿದ್ದೇವೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಆರು ತಿಂಗಳಿನೊಳಗಿನ ಮಕ್ಕಳಲ್ಲಿ ಶೇ. 63.7 ಮಕ್ಕಳು ತಾಯಿಯ ಹಾಲನ್ನಷ್ಟೇ ಕುಡಿಯುತ್ತಿದ್ದರು. ಮೊದಲ ಹಾಲು ತಪ್ಪಲು ಅಜ್ಜಿಯರು ಮಾತ್ರ ಕಾರಣರಲ್ಲ, ವೈದ್ಯರೂ ದಾದಿಯರೂ ಇರುವ ಕಟ್ಟಡದೊಳಗೇ ಅದು ತಪ್ಪುತ್ತಿದೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆರು ತಿಂಗಳು ಅದನ್ನು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆರು ತಿಂಗಳ ನಂತರ ಮೆತ್ತಗಿನ ಆಹಾರದ ಜೊತೆಗೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು. ಸಿಸೇರಿಯನ್ ಆದ ತಾಯಿಯೂ ಸಹಾಯ ಸಿಕ್ಕರೆ ಬೇಗನೆ ಹಾಲುಣಿಸಬಹುದು. ಮಗುವನ್ನು ತಾಯಿಯ ಮೈಗೆ ತಾಗುವಂತೆ ಬೆಚ್ಚಗಿಡಬೇಕು, ಮೊದಲ ದಿನವೇ ಸ್ನಾನ ಮಾಡಿಸಬಾರದು, ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನನ್ನೂ ಹಚ್ಚಬಾರದು. ಮಗು ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ, ಜ್ವರ ಬಂದರೆ, ಉಸಿರಾಟ ವೇಗವಾದರೆ ಅಥವಾ ಅಂಗೈ ಅಂಗಾಲುಗಳವರೆಗೂ ಹಳದಿಯಾದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದು ಕೇಳಬೇಕು.

ಹಳೆಯದೆಲ್ಲವೂ ಬಿಡಬೇಕಾದ್ದಲ್ಲ. ನಲವತ್ತು ದಿನದ ಚಿಲ್ಲಾದಲ್ಲಿ ಬಾಣಂತಿಗೆ ವಿಶ್ರಾಂತಿ ಕೊಡುವುದು, ಬಿಸಿ ಊಟ ಹಾಕುವುದು, ಹಿರಿಯ ಹೆಂಗಸರು ಜೊತೆಗಿರುವುದು ಇವೆಲ್ಲ ಒಳ್ಳೆಯವು. ಹಾಲು ಚೆಲ್ಲುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು ಇವನ್ನು ಬಿಡಬೇಕು.

ಯಾವ ಕಾರಣಕ್ಕಾದರೂ ಹಾಲುಣಿಸಲಾಗದ ತಾಯಂದಿರೂ ಇದ್ದಾರೆ. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಕುರ್‌ಆನ್ ಬೇರೆ ದಾರಿಯನ್ನು ತೆರೆದೇ ಇಟ್ಟಿದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗಾಗಿ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ದೇಶದ ಮೊದಲ ಎದೆಹಾಲಿನ ಬ್ಯಾಂಕ್ ಆರಂಭವಾಯಿತು. ಹಾಲಿನಿಂದ ಸಂಬಂಧ ಏರ್ಪಡುವ ಕಾರಣ ಇದರ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ ಇದನ್ನು ಒಪ್ಪಲಿಲ್ಲ, ಯೂಸುಫ್ ಅಲ್-ಕರ್ಝಾವಿಯವರು ಒಪ್ಪಿದ್ದರು. ಇಂಥ ಸಂದರ್ಭ ಬಂದರೆ ವೈದ್ಯರನ್ನೂ ಆಲಿಮರನ್ನೂ ಒಟ್ಟಿಗೆ ಕೇಳುವುದೇ ಸರಿ.

ಇನ್ನು ಹೊಣೆಯ ಮಾತು. 1961ರ ಹೆರಿಗೆ ಸೌಲಭ್ಯ ಕಾಯಿದೆ ದುಡಿಯುವ ತಾಯಿಗೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ ಅದನ್ನು 26 ವಾರಕ್ಕೆ ಏರಿಸಿತು. ಆದರೆ ನಮ್ಮ ಮೊಹಲ್ಲಾಗಳಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ತಾಯಂದಿರನ್ನು ನೆನೆಯಿರಿ. ಎಷ್ಟು ಎಣಿಸಿಕೊಟ್ಟರೆ ಅಷ್ಟು ಕೂಲಿ. ಕೈ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಅಂಥ ತಾಯಿಗೆ ಆರು ತಿಂಗಳು ಹಾಲುಣಿಸು ಎಂದು ಉಪದೇಶ ಮಾಡುವುದು ಸುಲಭ. ಆ ಆರು ತಿಂಗಳು ಅವಳ ತಟ್ಟೆಗೆ ಊಟ ಬರುವಂತೆ ನೋಡಿಕೊಳ್ಳುವುದು ಗಂಡನ, ಮನೆಯವರ, ಜಮಾಅತಿನ ಕರ್ತವ್ಯ. 233ನೇ ಸೂಕ್ತದ ಎರಡನೇ ಭಾಗ ಹೇಳುವುದು ಇದನ್ನೇ. ನಿಕಾಹ್‌ನ ಸಮಯದಲ್ಲಿ ಯುವಕರಿಗೆ ಮಹರ್‌ನ ಬಗ್ಗೆ ಹೇಳುವಂತೆ ಈ ಹೊಣೆಯ ಬಗ್ಗೆಯೂ ಹೇಳಬೇಕು. ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ಆ ವಾರದ ಜುಮಾ ಖುತ್ಬಾದಲ್ಲಿ ಇದನ್ನು ವಿವರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಅಕ್ಕನ ಎರಡನೇ ಹೆರಿಗೆಯಾದಾಗ ನಾನು ನಾನಿಮಾರ ಪಕ್ಕದಲ್ಲಿ ಕೂತು ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಹಲೀಮಾರ ಮಾತು, ಉಮರ್(ರ)ರ ಮಾತು, ಇಬ್ನ್ ಸೀನಾರ ಮಾತು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವು ಓದಿದವರಲ್ಲ. ಓದಿದವರು ಯಾರೂ ನಮಗೆ ಬಂದು ಹೇಳಲಿಲ್ಲವಲ್ಲ" ಎಂದರು. ಎದ್ದು ಹೋಗಿ ಮಗುವನ್ನು ತಾವೇ ಎತ್ತಿ ಅಕ್ಕನ ಮಡಿಲಿಗೆ ಹಾಕಿದರು.

ನಾನಿಮಾರ ಆ ಮಾತು ಈ ಪತ್ರಿಕೆಯನ್ನು ಓದುವ ನಮ್ಮೆಲ್ಲರಿಗೂ ಅನ್ವಯಿಸುತ್ತದೆ. ಓದಿದ್ದನ್ನು ಓದಲಾಗದವರಿಗೆ ಹೋಗಿ ತಿಳಿಸುವ ತೌಫೀಕನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.